ಡಿಎನ್‌ಎ ಬ್ಯಾಂಕ್: ಸಂಗ್ರಹಕ್ಕೆ ಕಾನೂನು ಬಂತು, ಅಂಕುಶ ಬರಲಿಲ್ಲ

ಶಿವಮೊಗ್ಗ ಜಿಲ್ಲೆಯ ಕೊಲೆ ಅಥವಾ ಅತ್ಯಾಚಾರ ಪ್ರಕರಣಗಳ ವರದಿಗಳಲ್ಲಿ ‘ಮಾದರಿಗಳನ್ನು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳುಹಿಸಲಾಗಿದೆ, ವರದಿ ಬರಬೇಕಿದೆ’ ಎಂಬ ಸಾಲು ಈಗ ಸಾಮಾನ್ಯವಾಗಿದೆ. ಆ ಮಾದರಿಗಳು ಮುಂದೆ ಏನಾಗುತ್ತವೆ, ಅವುಗಳ ಫಲಿತಾಂಶ ಎಲ್ಲಿ ಉಳಿಯುತ್ತದೆ ಎಂಬ ಬಗ್ಗೆ ಮಾತ್ರ ಬರುವ ಸುದ್ದಿಗಳು ಒಂದಕ್ಕೊಂದು ಹೊಂದುವುದಿಲ್ಲ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಡಿಎನ್‌ಎ ಮಸೂದೆಯನ್ನು ಲೋಕಸಭೆಯಿಂದ ಹಿಂಪಡೆಯಿತು. ಅದಕ್ಕೂ ಒಂದು ವರ್ಷ ಮೊದಲೇ, ಬಂಧಿತರ ಜೈವಿಕ ಮಾದರಿ ಪಡೆದು ಅದರ ವಿವರವನ್ನು 75 ವರ್ಷ ಇಟ್ಟುಕೊಳ್ಳುವ ಅಧಿಕಾರವನ್ನು ಬೇರೊಂದು ಕಾಯ್ದೆ, 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ, ಕೊಟ್ಟಾಗಿತ್ತು. 2025ರ ಜುಲೈ 15ರಂದು ಸುಪ್ರೀಂ ಕೋರ್ಟ್, ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕೆಂದು ದೇಶದ ಎಲ್ಲ ಪೊಲೀಸರಿಗೂ ನಿರ್ದೇಶನ ನೀಡಿತು. ಹಾಗಾದರೆ ಭಾರತದಲ್ಲಿ ಪೊಲೀಸರ ಡಿಎನ್‌ಎ ಬ್ಯಾಂಕ್ ಇದೆಯೇ, ಇಲ್ಲವೇ? ಮಾದರಿ ಸಂಗ್ರಹಿಸುವ ಅಧಿಕಾರ ಪೂರ್ಣವಾಗಿ ಬಂದಿದೆ, ಆದರೆ ಪ್ರಯೋಗಾಲಯ, ಬಳಕೆ ಮತ್ತು ಅಳಿಸುವಿಕೆಯನ್ನು ನಿಯಂತ್ರಿಸಬೇಕಾದ ಕಾನೂನು ಬಂದಿಲ್ಲ ಎಂಬುದು ನಿಖರವಾದ ಉತ್ತರ. ಈ ಅಂತರದ ಪರಿಣಾಮ ಮಲೆನಾಡಿನ ಠಾಣೆಗಳವರೆಗೂ ಬರುತ್ತದೆ.

ಬ್ಯಾಂಕ್‌ನಲ್ಲಿ ಇರುವುದೇನು

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಜೋಡಿ ಅಕ್ಷರಗಳಿವೆ. ಯಾವುದೇ ಇಬ್ಬರ ನಡುವೆ ಇದರ ಶೇ 99ಕ್ಕೂ ಹೆಚ್ಚು ಭಾಗ ಒಂದೇ ಆಗಿರುತ್ತದೆ. ತನಿಖೆಗೆ ಉಪಯೋಗವಾಗುವುದು ಉಳಿದ ಅಲ್ಪ ಭಾಗದ ಕೆಲವು ತಾಣಗಳು ಮಾತ್ರ. ಅಲ್ಲಿ ಒಂದು ಚಿಕ್ಕ ಅಕ್ಷರಗುಚ್ಛ ಹಲವು ಬಾರಿ ಮರುಕಳಿಸುತ್ತದೆ, ಎಷ್ಟು ಬಾರಿ ಎಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಇಪ್ಪತ್ತರಷ್ಟು ತಾಣಗಳ ಈ ಎಣಿಕೆಯನ್ನು ಬರೆದಿಟ್ಟರೆ ಸಿಗುವ ಸಂಖ್ಯೆಗಳ ಸಾಲೇ ಡಿಎನ್‌ಎ ಪ್ರೊಫೈಲ್. ಕಂಪ್ಯೂಟರಿನಲ್ಲಿ ಇರುವುದು ಈ ಸಂಖ್ಯೆಗಳು, ಮತ್ತು ಅವುಗಳಿಂದ ವ್ಯಕ್ತಿಯ ಮೈಬಣ್ಣವಾಗಲಿ ಸ್ವಭಾವವಾಗಲಿ ತಿಳಿಯುವುದಿಲ್ಲ.

ಫ್ರೀಜರಿನಲ್ಲಿ ಉಳಿಯುವ ರಕ್ತ ಅಥವಾ ಎಂಜಲಿನ ಮಾದರಿಯ ವಿಚಾರ ಹಾಗಲ್ಲ. ಅದರಲ್ಲಿ ವ್ಯಕ್ತಿಯ ಸಂಪೂರ್ಣ ಆನುವಂಶಿಕ ವಿವರ ಇರುತ್ತದೆ: ಬರಬಹುದಾದ ಕಾಯಿಲೆಗಳ ಸುಳಿವು, ತಂದೆ ಯಾರು, ಒಡಹುಟ್ಟಿದವರು ಯಾರು, ಎಲ್ಲವೂ. ಆದ್ದರಿಂದ ಡಿಎನ್‌ಎ ಬ್ಯಾಂಕ್ ಕುರಿತ ಯಾವ ಕಾನೂನೇ ಆಗಲಿ ಎರಡು ಪ್ರಶ್ನೆಗಳಿಗೆ ಬೇರೆ ಬೇರೆಯಾಗಿ ಉತ್ತರ ಕೊಡಬೇಕು. ಪ್ರೊಫೈಲ್ ಎಷ್ಟು ಕಾಲ ಉಳಿಯಬೇಕು? ಮಾದರಿ ಯಾವಾಗ ನಾಶವಾಗಬೇಕು? ಬ್ರಿಟನ್ನಿನ ಈಗಿನ ಕಾನೂನಿನಲ್ಲಿ ಮಾದರಿಯನ್ನು ಸಾಮಾನ್ಯವಾಗಿ ಆರು ತಿಂಗಳೊಳಗೆ ನಾಶಪಡಿಸಲೇಬೇಕು. ನಮ್ಮ 2022ರ ಕಾಯ್ದೆ ಇವೆರಡನ್ನೂ ‘ಅಳತೆಗಳು’ ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸಿಬಿಟ್ಟಿದೆ.

ಲೆಸ್ಟರ್‌ನಿಂದ ಹೈದರಾಬಾದಿಗೆ

ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ 1984ರ ಸೆಪ್ಟೆಂಬರಿನಲ್ಲಿ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಕೊಂಡರು. ಅಪರಾಧ ತನಿಖೆಯಲ್ಲಿ ಅದು ಮೊದಲು ಮಾಡಿದ ಕೆಲಸ ಒಬ್ಬ ನಿರಪರಾಧಿಯನ್ನು ಉಳಿಸಿದ್ದು ಎಂಬುದನ್ನು ಇಂದಿನ ಚರ್ಚೆಯಲ್ಲಿ ಮರೆಯಬಾರದು. ಇಬ್ಬರು ಬಾಲಕಿಯರ ಅತ್ಯಾಚಾರ ಮತ್ತು ಕೊಲೆ ಪ್ರಕರಣಗಳಲ್ಲಿ ಒಂದನ್ನು 17 ವರ್ಷದ ಹುಡುಗನೊಬ್ಬ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಿದಾಗ ಅವನ ಡಿಎನ್‌ಎ ಹೊಂದಲಿಲ್ಲ. ಪೊಲೀಸರು ಬಳಿಕ ಸುತ್ತಲಿನ ಊರುಗಳ ಸುಮಾರು 5,000 ಗಂಡಸರ ಮಾದರಿ ಪಡೆದರು. ನಿಜವಾದ ಅಪರಾಧಿ ತನ್ನ ಬದಲು ಸಹೋದ್ಯೋಗಿಯೊಬ್ಬನಿಂದ ಮಾದರಿ ಕೊಡಿಸಿ ತಪ್ಪಿಸಿಕೊಂಡಿದ್ದ. ಆ ಸಂಗತಿ ಮಾತಿನ ನಡುವೆ ಹೊರಬಿದ್ದು ಅವನು ಸಿಕ್ಕಿಬಿದ್ದ, 1988ರಲ್ಲಿ ಶಿಕ್ಷೆಯಾಯಿತು.

ಬ್ರಿಟನ್ 1995ರ ಏಪ್ರಿಲ್‌ನಲ್ಲಿ ಜಗತ್ತಿನ ಮೊದಲ ರಾಷ್ಟ್ರೀಯ ಡಿಎನ್‌ಎ ಬ್ಯಾಂಕ್ ಆರಂಭಿಸಿತು. ಅಮೆರಿಕದ ರಾಷ್ಟ್ರಮಟ್ಟದ ವ್ಯವಸ್ಥೆ 1998ರಲ್ಲಿ ಕೆಲಸ ಶುರುಮಾಡಿತು, 2021ರ ಹೊತ್ತಿಗೆ ಅಲ್ಲಿ ಎರಡು ಕೋಟಿ ಪ್ರೊಫೈಲ್‌ಗಳಿದ್ದವು. ಭಾರತ ಈ ವಿಜ್ಞಾನದಲ್ಲಿ ಹಿಂದೆ ಬಿದ್ದಿರಲಿಲ್ಲ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಲಾಲ್‌ಜಿ ಸಿಂಗ್ ಅವರು ಎಂಬತ್ತರ ದಶಕದ ಕೊನೆಯಲ್ಲೇ ದೇಶೀಯ ವಿಧಾನ ರೂಪಿಸಿದರು. 2005ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಯ ವೈದ್ಯಕೀಯ ತಪಾಸಣೆಯ ಸೆಕ್ಷನ್‌ಗೆ ಡಿಎನ್‌ಎ ಪರೀಕ್ಷೆಯನ್ನು ಸೇರಿಸಿತು. ತನಿಖೆಯಲ್ಲಿರುವ ಒಂದು ಪ್ರಕರಣಕ್ಕಾಗಿ ಆರೋಪಿಯ ಮಾದರಿ ಪಡೆಯುವ ಅಧಿಕಾರ ಹೀಗೆ ಬಹಳ ಹಿಂದಿನಿಂದ ಇದೆ. ಮುಂದೆ ಎಂದಾದರೂ ನಡೆಯಬಹುದಾದ ಅಪರಾಧಕ್ಕಾಗಿ ಇಂದೇ ಅವನ ವಿವರ ಕೂಡಿಡುವುದು ಹೊಸದು.

ಹಿಂಪಡೆದ ಮಸೂದೆ, ಉಳಿದ ಕಾಯ್ದೆ

ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆ 2019ರ ಜನವರಿಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆದು, ಸದನದ ಅವಧಿ ಮುಗಿದು ಬಿದ್ದುಹೋಯಿತು. ಅದೇ ವರ್ಷ ಜುಲೈನಲ್ಲಿ ಮತ್ತೆ ಮಂಡನೆಯಾಗಿ ಜೈರಾಂ ರಮೇಶ್ ಅಧ್ಯಕ್ಷತೆಯ ಸಂಸದೀಯ ಸ್ಥಾಯಿ ಸಮಿತಿಗೆ ಹೋಯಿತು. ಮಸೂದೆಯಲ್ಲಿ ಪ್ರೊಫೈಲ್‌ಗಳನ್ನು ವಿಂಗಡಿಸಿಡುವ ಐದು ಸೂಚಿಗಳಿದ್ದವು: ಅಪರಾಧ ಸ್ಥಳ, ಶಂಕಿತರು ಮತ್ತು ವಿಚಾರಣಾಧೀನರು, ಅಪರಾಧಿಗಳು, ಕಾಣೆಯಾದವರು, ಗುರುತು ಸಿಗದ ಶವಗಳು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ, ಅವುಗಳ ಮೇಲೆ ಕಣ್ಣಿಡುವ ನಿಯಂತ್ರಣ ಮಂಡಳಿಯೊಂದರ ಪ್ರಸ್ತಾಪವೂ ಅದರಲ್ಲಿತ್ತು. ಅಪರಾಧ ಸ್ಥಳದಲ್ಲಿ ಸಂತ್ರಸ್ತರ, ಮನೆಯವರ, ದಾರಿಹೋಕರ ಡಿಎನ್‌ಎ ಕೂಡ ಇರುವುದರಿಂದ ಅವನ್ನೆಲ್ಲ ಬ್ಯಾಂಕ್‌ಗೆ ಸೇರಿಸಬಾರದು, ಪ್ರಾದೇಶಿಕ ಬ್ಯಾಂಕ್‌ಗಳು ಬೇಡ ಎಂದು ಸಮಿತಿ 2021ರ ಫೆಬ್ರುವರಿಯಲ್ಲಿ ಹೇಳಿತು. ದಲಿತರು, ಮುಸ್ಲಿಮರು, ಆದಿವಾಸಿಗಳ ಮೇಲೆ ಇದರ ಹೊರೆ ಹೆಚ್ಚು ಬೀಳುತ್ತದೆ ಎಂಬ ಆತಂಕ ಸಮಿತಿಯ ಭಿನ್ನಮತದ ಟಿಪ್ಪಣಿಯಲ್ಲಿ ದಾಖಲಾಯಿತು. ಕೊನೆಗೆ ಸರ್ಕಾರ, ಉದ್ದೇಶದ ಬಹುಭಾಗ 2022ರ ಕಾಯ್ದೆಯಲ್ಲೇ ಈಡೇರಿದೆ ಎಂಬ ನೆಲೆಯಲ್ಲಿ, ಮಸೂದೆಯನ್ನೇ ವಾಪಸ್ ತೆಗೆದುಕೊಂಡಿತು.

ಈ 2022ರ ಅಪರಾಧ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಜಾರಿಗೆ ಬಂದದ್ದು ಆ ವರ್ಷದ ಆಗಸ್ಟ್ 4ರಂದು. ಬ್ರಿಟಿಷರ 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗದಲ್ಲಿ ಇದು ಬಂದಿದೆ. ಬೆರಳಚ್ಚು, ಪಾದದ ಗುರುತು, ಕಣ್ಣಿನ ಪಾಪೆಯ ಸ್ಕ್ಯಾನ್‌ಗಳ ಜೊತೆಗೆ ‘ಜೈವಿಕ ಮಾದರಿ ಮತ್ತು ಅವುಗಳ ವಿಶ್ಲೇಷಣೆ’ ಎಂಬ ಮಾತೂ ಇದರಲ್ಲಿ ಸೇರಿದೆ. ಅಳತೆ ಪಡೆಯುವ ಅಧಿಕಾರ ಹೆಡ್ ಕಾನ್‌ಸ್ಟೆಬಲ್ ದರ್ಜೆಯಿಂದಲೇ ಆರಂಭವಾಗುತ್ತದೆ, ಜೈಲಿನಲ್ಲಿ ಹೆಡ್ ವಾರ್ಡರ್ ದರ್ಜೆಯಿಂದ. ದಾಖಲೆ ಸೇರುವುದು ದೆಹಲಿಯ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋಗೆ, ಅಂದರೆ ಎನ್‌ಸಿಆರ್‌ಬಿಗೆ. ಕೊಡಲು ನಿರಾಕರಿಸಿದರೆ ಅದೇ ಒಂದು ಅಪರಾಧ.

ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ಮಹಿಳೆ ಅಥವಾ ಮಕ್ಕಳ ಮೇಲಿನ ಅಪರಾಧವಲ್ಲದ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣದಲ್ಲಿ ಬಂಧಿತನಾದವನು ಜೈವಿಕ ಮಾದರಿ ಕೊಡಲೇಬೇಕೆಂದಿಲ್ಲ. ಆದರೆ ಈ ವಿನಾಯಿತಿಯ ಮಾತುಗಳು ಬಂಧಿತರನ್ನು ಮಾತ್ರ ಹೆಸರಿಸುತ್ತವೆ. ಸೋಗಾನೆಯ ಕೇಂದ್ರ ಕಾರಾಗೃಹದಲ್ಲಿ ಸಣ್ಣ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವನಿಗೆ ಇದು ಅನ್ವಯಿಸುತ್ತದೆಯೇ ಎಂದು ಕೇಳಿದರೆ ಕಾಯ್ದೆ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ.

ಮುಚ್ಚಳಿಕೆಯ ವಿಚಾರ ಶಿವಮೊಗ್ಗಕ್ಕೆ ಇನ್ನೂ ಹತ್ತಿರದ್ದು. ಗಣೇಶನ ವಿಸರ್ಜನಾ ಮೆರವಣಿಗೆಗೆ ಮುನ್ನ, ಚುನಾವಣೆಗೆ ಮುನ್ನ, ಶಾಂತಿ ಕಾಪಾಡುವುದಾಗಿ ಜನರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ಪೊಲೀಸರ ವಾಡಿಕೆ. ಹಾಗೆ ಮುಚ್ಚಳಿಕೆ ಕೊಡುವಂತೆ ಮ್ಯಾಜಿಸ್ಟ್ರೇಟರಿಂದ ಆದೇಶವಾದವರೂ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಬರೀ ಪ್ರಕ್ರಿಯೆ ಆರಂಭವಾದರೆ ಸಾಲದು, ಆದೇಶವೇ ಆಗಿರಬೇಕು ಎಂದು 2022ರ ನಿಯಮಗಳು ಒಂದಿಷ್ಟು ಮಿತಿ ಹಾಕಿವೆ. ಆದರೂ ಯಾವ ಅಪರಾಧವನ್ನೂ ಮಾಡದ, ಮುಂದೆ ಮಾಡಬಹುದೆಂಬ ಶಂಕೆಗಷ್ಟೇ ಒಳಗಾದ ವ್ಯಕ್ತಿಯ ದೈಹಿಕ ವಿವರ 75 ವರ್ಷ ಉಳಿಯುವ ಸಾಧ್ಯತೆ ಹಾಗೆಯೇ ಇದೆ.

ಎರಡು ವಾದಗಳು

ಬ್ಯಾಂಕ್ ಬೇಕೆನ್ನುವವರ ವಾದಕ್ಕೆ ಗಟ್ಟಿಯಾದ ನೆಲೆಯಿದೆ. ಒಬ್ಬನೇ ವ್ಯಕ್ತಿ ತೀರ್ಥಹಳ್ಳಿಯಲ್ಲಿ ಒಮ್ಮೆ, ಕೊಪ್ಪದಲ್ಲಿ ಒಮ್ಮೆ, ಸಾಗರದಲ್ಲಿ ಇನ್ನೊಮ್ಮೆ ಅಪರಾಧ ಎಸಗಿದರೆ, ಮೂರು ಠಾಣೆಗಳ ಕಡತಗಳು ಒಂದನ್ನೊಂದು ನೋಡುವುದೇ ಇಲ್ಲ. ಅಪರಾಧ ಸ್ಥಳದ ಪ್ರೊಫೈಲ್‌ಗಳು ಒಂದೆಡೆ ಇದ್ದರೆ ಮೂರೂ ಒಬ್ಬನದೇ ಕೃತ್ಯ ಎಂಬುದು ತಿಳಿಯುತ್ತದೆ. ತಪ್ಪೊಪ್ಪಿಗೆಗಾಗಿ ಹೊಡೆಯುವ ತನಿಖೆಗೆ ಬದಲಾಗಿ ವಿಜ್ಞಾನದ ಮೇಲೆ ನಿಲ್ಲುವ ತನಿಖೆ ಬರಬೇಕೆಂಬ ಆಶಯವನ್ನು ಯಾರೂ ಅಲ್ಲಗಳೆಯಲಾಗದು. ಕಾನೂನಿನ ದೃಷ್ಟಿಯಿಂದಲೂ ದೈಹಿಕ ಸಾಕ್ಷ್ಯ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು 1961ರಲ್ಲೇ ಕಥಿ ಕಾಳು ಓಘಡ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿದೆ. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಸುಪ್ರೀಂ ಕೋರ್ಟ್ ಒತ್ತಾಯದ ಮಂಪರು ಪರೀಕ್ಷೆಯನ್ನು ತಳ್ಳಿಹಾಕಿತಾದರೂ ರಕ್ತದಂಥ ದೈಹಿಕ ಮಾದರಿಯನ್ನು ಆ ನಿಷೇಧದಿಂದ ಹೊರಗಿಟ್ಟಿತು.

ವಿರೋಧಿಸುವವರು 2017ರ ಖಾಸಗಿತನದ ತೀರ್ಪನ್ನು ಮುಂದಿಡುತ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ ಬಂದ ಆ ತೀರ್ಪಿನ ಪ್ರಕಾರ, ಸರ್ಕಾರ ಖಾಸಗಿ ವಿವರಕ್ಕೆ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯಬದ್ಧ ಉದ್ದೇಶ ಇರಬೇಕು, ಕೈಹಾಕುವ ಪ್ರಮಾಣವೂ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅಪರಾಧದ ಸ್ವರೂಪ ನೋಡದೆ ಎಲ್ಲರಿಗೂ 75 ವರ್ಷ ಎಂಬುದು ಈ ಮೂರನೆಯ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವರ ವಾದ. ಕಾಯ್ದೆಯನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಹೊರದೇಶಗಳ ತೀರ್ಪುಗಳೂ ಒಂದೇ ದಿಕ್ಕಿನಲ್ಲಿಲ್ಲ. ಶಿಕ್ಷೆಯಾಗದವರ ಪ್ರೊಫೈಲನ್ನು ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುವುದು ಹಕ್ಕಿನ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ಬ್ರಿಟನ್ ವಿರುದ್ಧ ತೀರ್ಪಿತ್ತ ಮೇಲೆ, ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲ್‌ಗಳನ್ನು ಅಳಿಸಲಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ, ಗಂಭೀರ ಅಪರಾಧದಲ್ಲಿ ಬಂಧಿತರ ಮಾದರಿ ಪಡೆಯುವುದನ್ನು ಐದಕ್ಕೆ ನಾಲ್ಕು ಮತಗಳಿಂದ ಒಪ್ಪಿತು.

ಈ ಎರಡೂ ವಾದಗಳು ಒಂದು ಅಂಶವನ್ನು ಲಘುವಾಗಿ ಕಾಣುತ್ತವೆ ಎಂದು ನನಗೆ ತೋರುತ್ತದೆ. ಬ್ಯಾಂಕ್ ಉಪಯೋಗಕ್ಕೆ ಬರುವುದು ಆರೋಪಿ ಯಾರೆಂದು ಗೊತ್ತಿಲ್ಲದಾಗ ಮಾತ್ರ. ಎನ್‌ಸಿಆರ್‌ಬಿಯ ವರದಿಗಳಲ್ಲಿ ವರ್ಷ ವರ್ಷವೂ ಅತ್ಯಾಚಾರ ಪ್ರಕರಣಗಳ ಶೇ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತೆಗೆ ಪರಿಚಿತರೇ. ಪೋಕ್ಸೊ ಪ್ರಕರಣಗಳಲ್ಲಿ ಡಿಎನ್‌ಎ ಪರೀಕ್ಷೆ ನಡೆಯುವುದು ಹೆಸರು ಗೊತ್ತಿರುವ ಆರೋಪಿಯ ಮಾದರಿಯನ್ನು ಬಟ್ಟೆಯ ಕಲೆಯೊಂದಿಗೋ ಮಗುವಿನ ಮಾದರಿಯೊಂದಿಗೋ ಹೋಲಿಸಲು. ಅದಕ್ಕೆ ಕೋಟಿ ಜನರ ಬ್ಯಾಂಕ್ ಬೇಕಿಲ್ಲ. ಬೇಗ ವರದಿ ಕೊಡುವ ಪ್ರಯೋಗಾಲಯ ಬೇಕು. ಬ್ರಿಟನ್‌ನಲ್ಲಿ ಬ್ಯಾಂಕ್ ಹೆಚ್ಚು ನೆರವಾದದ್ದು ಮನೆಗಳ್ಳತನದಂಥ ಪ್ರಕರಣಗಳಲ್ಲಿ. ನಮ್ಮಲ್ಲಿ ಅಂಗಳದಲ್ಲಿ ಒಣಹಾಕಿದ ಅಡಿಕೆ ಕದ್ದವನ ಮೇಲೆ ದಾಖಲಾಗುವುದು ಮೂರು ವರ್ಷದವರೆಗಿನ ಶಿಕ್ಷೆಯ ಸಾಮಾನ್ಯ ಕಳವು. ಅವನು ಮಾದರಿ ಕೊಡಲು ಒಪ್ಪದಿರಬಹುದು, ಮತ್ತು ಅಂಥ ಪ್ರಕರಣದಲ್ಲಿ ಸ್ಥಳದಿಂದ ಡಿಎನ್‌ಎ ಸಂಗ್ರಹಿಸಲು ತಜ್ಞರು ಬರಬೇಕೆಂಬ ಕಡ್ಡಾಯವೂ ಇಲ್ಲ.

ಮಳೆ, ದೂರ ಮತ್ತು 48 ಗಂಟೆ

ಡಿಎನ್‌ಎ ಸಾಕ್ಷ್ಯದ ಬಲ ನಿರ್ಧಾರವಾಗುವುದು ಪ್ರಯೋಗಾಲಯ ತಲುಪುವ ಮೊದಲೇ. ತೇವ ಮತ್ತು ಬ್ಯಾಕ್ಟೀರಿಯಾ ಡಿಎನ್‌ಎಯನ್ನು ತುಂಡರಿಸುತ್ತವೆ. ರಕ್ತ ಮೆತ್ತಿದ ಬಟ್ಟೆಯನ್ನು ನೆರಳಿನಲ್ಲಿ ಗಾಳಿಗೆ ಒಣಗಿಸಿ ಕಾಗದದ ಲಕೋಟೆಯಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಲಿನ ಠಾಣೆಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಬಟ್ಟೆಯೇ ದಿನಗಟ್ಟಲೆ ಒಣಗದಿರುವಾಗ, ಜಪ್ತಿ ಮಾಡಿದ ಬಟ್ಟೆಯನ್ನು ಸರಿಯಾಗಿ ಒಣಗಿಸಲು ಬೇರೆಯದೇ ವ್ಯವಸ್ಥೆ ಬೇಕಾಗುತ್ತದೆ. ಕಾಡಿನಲ್ಲೋ ತೋಟದಲ್ಲೋ ಶವ ಸಿಕ್ಕಿದಾಗ, ಮಹಜರು ಮುಗಿಯುವಷ್ಟರಲ್ಲಿ ಒಂದು ಮಳೆ ಬಂದರೆ ಸ್ಥಳದ ಕುರುಹು ತೊಳೆದುಹೋಗುತ್ತದೆ. ಶಿವಮೊಗ್ಗದಿಂದ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸುಮಾರು 300 ಕಿ.ಮೀ. ದಾರಿ. ದಾವಣಗೆರೆಯ ಪ್ರಾದೇಶಿಕ ಪ್ರಯೋಗಾಲಯ ಹತ್ತಿರವಿದ್ದರೂ, ಘಟ್ಟದ ಅಂಚಿನ ಠಾಣೆಯಿಂದ ಅಲ್ಲಿಗೂ ಅರ್ಧ ದಿನ ಬೇಕು. ಮಾದರಿ ಒಯ್ಯುವ ಪೇದೆಗೆ ಅದೇ ದಿನ ಬಂದೋಬಸ್ತ್ ಕರ್ತವ್ಯ ಬಿದ್ದರೆ ಲಕೋಟೆ ಠಾಣೆಯಲ್ಲೇ ಉಳಿಯುತ್ತದೆ.

ಹಾಗೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ, ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ದೆಹಲಿಯ ಛಾವ್ಲಾ ಪ್ರಕರಣ ಸಾಕ್ಷಿ. ಕೆಳ ನ್ಯಾಯಾಲಯ ಮೂವರಿಗೆ ವಿಧಿಸಿದ್ದ ಮರಣದಂಡನೆಯನ್ನು ಹೈಕೋರ್ಟ್ ಖಾಯಂಗೊಳಿಸಿತ್ತು. ಮಾದರಿಗಳು ಹತ್ತು ದಿನಕ್ಕೂ ಹೆಚ್ಚು ಕಾಲ ಠಾಣೆಯ ಮುದ್ದೇಮಾಲು ಕೋಣೆಯಲ್ಲಿದ್ದವು, ಕೈವಾಡ ನಡೆದಿರುವ ಸಾಧ್ಯತೆ ತಳ್ಳಿಹಾಕಲಾಗದು ಎಂದು ಹೇಳಿ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಮೂವರನ್ನೂ ಬಿಡುಗಡೆ ಮಾಡಿತು. 2025ರ ಕಟ್ಟವೆಲ್ಲೈ ಪ್ರಕರಣದಲ್ಲೂ ತಮಿಳುನಾಡಿನ ಗುಡ್ಡಗಾಡಿನ ಜೋಡಿ ಕೊಲೆಯೊಂದರಲ್ಲಿ ಮರಣದಂಡನೆಗೆ ಗುರಿಯಾದವನು ಖುಲಾಸೆಯಾದ. ಮೊದಲೇ ಹೇಳಿದ 48 ಗಂಟೆಯ ನಿರ್ದೇಶನ ಬಂದದ್ದು ಅಲ್ಲಿಂದಲೇ. ಮಾದರಿ ಕೈಯಿಂದ ಕೈಗೆ ಹೋಗುವುದನ್ನು ಆರಂಭದಿಂದ ತೀರ್ಪಿನವರೆಗೆ ದಾಖಲಿಸುವ ರಿಜಿಸ್ಟರ್ ಇರಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಮೊಹರು ಒಡೆಯಬಾರದು ಎಂದೂ ಕೋರ್ಟ್ ಹೇಳಿದೆ. ಇಂಥ ಲೋಪದಿಂದ ಅನ್ಯಾಯವಾಗುವುದು ಇಬ್ಬರಿಗೂ: ತಪ್ಪು ಮಾಡದವನು ವರ್ಷಗಟ್ಟಲೆ ಜೈಲಿನಲ್ಲಿರುತ್ತಾನೆ, ಮಗಳನ್ನು ಕಳೆದುಕೊಂಡ ಮನೆಗೆ ಕೊನೆಗೂ ಉತ್ತರ ಸಿಗುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗುವುದನ್ನು ಐದು ವರ್ಷದೊಳಗೆ ಕಡ್ಡಾಯ ಮಾಡಬೇಕಿದೆ. ಕರ್ನಾಟಕ ಇದಕ್ಕಾಗಿ ಅಪರಾಧ ಸ್ಥಳ ಪರಿಶೀಲನಾಧಿಕಾರಿಗಳನ್ನು, ಸೋಕೋ ಎಂದು ಕರೆಯುವವರನ್ನು, ನೇಮಿಸಿಕೊಂಡಿದೆ. ಸರಿಯಾದ ಹೆಜ್ಜೆ. ಆದರೆ ಸ್ಥಳದಿಂದ ಬರುವ ಮಾದರಿಗಳು ಹೆಚ್ಚಿದಂತೆ ಪ್ರಯೋಗಾಲಯದ ಸರದಿಯೂ ಬೆಳೆಯುತ್ತದೆ. 48 ಗಂಟೆಯಲ್ಲಿ ತಲುಪಿದ ಮಾದರಿ ತಿಂಗಳುಗಟ್ಟಲೆ ಪರೀಕ್ಷೆಗಾಗಿ ಕಾದರೆ ವಿಚಾರಣಾಧೀನ ಕೈದಿಯೂ ಅಷ್ಟೇ ಕಾಲ ಕಾಯುತ್ತಾನೆ.

ಹೊಂದಿಕೆಯೇ ತೀರ್ಪಲ್ಲ

2007ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾದಾಗ ಸಿಕ್ಕ ಹೆಂಗಸಿನ ಡಿಎನ್‌ಎ, ಮೂರು ದೇಶಗಳ ಸುಮಾರು 40 ಅಪರಾಧ ಸ್ಥಳಗಳ ಡಿಎನ್‌ಎಗೆ ಹೊಂದಿತು. ಪೊಲೀಸರು ವರ್ಷಗಟ್ಟಲೆ ಆ ಹೆಂಗಸನ್ನು ಹುಡುಕಿದರು. ಮಾದರಿ ಒರೆಸಲು ಬಳಸುತ್ತಿದ್ದ ಹತ್ತಿ ಕಡ್ಡಿಗಳನ್ನು ತಯಾರಿಸುವ ಕಾರ್ಖಾನೆಯ ಕೆಲಸಗಾರ್ತಿಯ ಡಿಎನ್‌ಎ ಅದು ಎಂಬುದು 2009ರಲ್ಲಿ ಬಯಲಾಯಿತು. ಪೊಲೀಸರು ಬೆನ್ನಟ್ಟಿದ ಅಪರಾಧಿ ಇರಲೇ ಇಲ್ಲ.

ಮಲೆನಾಡಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ‘ಕೋಟಿಯಲ್ಲಿ ಒಬ್ಬರಿಗೆ ಮಾತ್ರ ಹೊಂದುತ್ತದೆ’ ಎಂಬ ಲೆಕ್ಕ ಬರುವುದು, ಜನರು ಪರಸ್ಪರ ಸಂಬಂಧಿಗಳಲ್ಲ ಎಂಬ ಊಹೆಯಿಂದ. ಸೋದರಮಾವನ ಜೊತೆಗೋ ಸೋದರತ್ತೆಯ ಮಗನ ಜೊತೆಗೋ ಮದುವೆಯಾಗುವ ರೂಢಿಯಿದ್ದ, ಕೆಲವೇ ಊರುಗಳೊಳಗೆ ಕೊಟ್ಟು ತಂದು ಮಾಡುವ ಸಮುದಾಯಗಳಲ್ಲಿ ಗುರುತಿನ ತಾಣಗಳು ಒಂದೇ ಆಗಿರುವ ಸಂಭವ ಹೆಚ್ಚು. ಪೂರ್ಣ ಪ್ರೊಫೈಲ್ ಸಿಕ್ಕರೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಮಳೆಗೆ ಸಿಕ್ಕಿ ಅರೆಬರೆಯಾದ ಮಾದರಿಯಲ್ಲಿ ಕೆಲವೇ ತಾಣಗಳು ಓದಲು ಸಿಕ್ಕಾಗ, ಅದೇ ಕೇರಿಯ ದಾಯಾದಿಯೊಬ್ಬನ ಮೇಲೆ ತಪ್ಪು ಸಂಶಯ ಬೀಳಬಹುದು. ಲೆಕ್ಕದಲ್ಲಿ ಇದಕ್ಕೆ ತಿದ್ದುಪಡಿ ಮಾಡುವ ವಿಧಾನಗಳಿವೆ. ಪ್ರಯೋಗಾಲಯ ಅವನ್ನು ಬಳಸಿದೆಯೇ ಎಂದು ವಕೀಲರು ಕೇಳಬೇಕು, ನ್ಯಾಯಾಲಯ ಉತ್ತರ ಪಡೆಯಬೇಕು. ತಜ್ಞರ ತೀರ್ಮಾನದ ಆಧಾರವನ್ನು ಕೆಳ ನ್ಯಾಯಾಲಯಗಳು ಪರಿಶೀಲಿಸಲಿಲ್ಲ ಎಂಬ ಮಾತು ಛಾವ್ಲಾ ತೀರ್ಪಿನಲ್ಲೇ ಇದೆ.

ಕೈಬಿಟ್ಟುಹೋದ ಭಾಗ

ಮಸೂದೆ ಹಿಂಪಡೆದದ್ದರಿಂದ ಆದ ದೊಡ್ಡ ನಷ್ಟ ಹೆಚ್ಚು ಚರ್ಚೆಯಾಗಿಲ್ಲ. ತುಂಗೆ, ಭದ್ರೆ, ಶರಾವತಿಯ ಹಿನ್ನೀರಿನಲ್ಲಿ ತೇಲಿಬಂದ ಗುರುತು ಸಿಗದ ಶವಗಳಿಗೆ ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲಾಗುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ವಾರಸುದಾರರು ಬಾರದಿದ್ದರೆ ಅಂತ್ಯಕ್ರಿಯೆ ನಡೆಯುತ್ತದೆ. ಕಾಫಿ ತೋಟಗಳಿಗೆ ಅಸ್ಸಾಂನಷ್ಟು ದೂರದಿಂದ ಕೆಲಸಕ್ಕೆ ಬಂದವರ ಮನೆಯವರು ಆ ಪ್ರಕಟಣೆಯನ್ನು ನೋಡುವುದೇ ಇಲ್ಲ. ಹಲ್ಲು ಅಥವಾ ತೊಡೆಮೂಳೆಯಿಂದ ಪ್ರೊಫೈಲ್ ತೆಗೆದು, ಕಾಣೆಯಾದವರ ತಂದೆತಾಯಿ ಒಪ್ಪಿ ಕೊಟ್ಟ ಮಾದರಿಯೊಂದಿಗೆ ಹೋಲಿಸುವ ವ್ಯವಸ್ಥೆ ಮಸೂದೆಯಲ್ಲಿತ್ತು. ಇದನ್ನೇ ಕೋರಿ ಲೋಕನೀತಿ ಫೌಂಡೇಶನ್ ಸಲ್ಲಿಸಿದ್ದ ಅರ್ಜಿಯನ್ನು, ಕಾನೂನು ತರುತ್ತೇವೆಂದು ಕೇಂದ್ರ ಹೇಳಿದ ಮೇಲೆ, ಸುಪ್ರೀಂ ಕೋರ್ಟ್ 2018ರಲ್ಲಿ ಮುಗಿಸಿತ್ತು. 2022ರ ಕಾಯ್ದೆಯಲ್ಲಿ ಕಾಣೆಯಾದವರ ಹೆಸರೇ ಇಲ್ಲ. ಶಂಕಿತರ ಮೇಲಿನ ಅಧಿಕಾರ ಉಳಿಯಿತು, ಮಗನಿಗಾಗಿ ಕಾಯುತ್ತಿರುವವರಿಗೆ ಆಗಬೇಕಿದ್ದ ಉಪಕಾರ ಬಿಟ್ಟುಹೋಯಿತು. ಇದು ನೋವಿನ ಸಂಗತಿ, ಸರಿಪಡಿಸಬಹುದಾದ ಸಂಗತಿಯೂ ಹೌದು.

ಖುಲಾಸೆಯಾದವನು ಏನು ಮಾಡಬೇಕು

ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಎಲ್ಲ ಮೇಲ್ಮನವಿಗಳೂ ಮುಗಿದು ಖುಲಾಸೆಯಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ಆದೇಶ ಮಾಡದ ಹೊರತು, ದಾಖಲೆಯನ್ನು ನಾಶಪಡಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಿಯಮಗಳ ಪ್ರಕಾರ ಅದಕ್ಕಾಗಿ ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ ಕೋರಿಕೆ ಹೋಗಬೇಕು, ಅವರು ಪರಿಶೀಲಿಸಿ ಎನ್‌ಸಿಆರ್‌ಬಿಗೆ ಶಿಫಾರಸು ಮಾಡಬೇಕು. ಅಂದರೆ ಹೊಸನಗರದ ಕೂಲಿಯವನೊಬ್ಬ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಖುಲಾಸೆಯಾದ ಮೇಲೂ ಇನ್ನೊಂದು ಅರ್ಜಿ ಹಿಡಿದು ಹೊರಡಬೇಕು. ಅಂಥದೊಂದು ಅವಕಾಶ ಇದೆಯೆಂಬುದನ್ನು ಅವನಿಗೆ ತಿಳಿಸುವ ಹೊಣೆ ಯಾರ ಮೇಲೂ ಇಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ಅಪರಾಧ ತನಿಖೆಗಾಗಿ ನಡೆಯುವ ಸಂಸ್ಕರಣೆಗೆ ವಿನಾಯಿತಿ ಕೊಟ್ಟಿರುವುದರಿಂದ ಅಲ್ಲಿಂದ ಹೆಚ್ಚಿನ ನೆರವು ಸಿಗದು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಖುಲಾಸೆ ತೀರ್ಪಿನ ಕೊನೆಯಲ್ಲಿ, ಜಪ್ತಿ ಮಾಡಿದ ವಸ್ತುಗಳನ್ನು ಏನು ಮಾಡಬೇಕೆಂದು ನ್ಯಾಯಾಧೀಶರು ಈಗಲೂ ಬರೆಯುತ್ತಾರೆ. ಅದೇ ಜಾಗದಲ್ಲಿ, ಮೇಲ್ಮನವಿಯ ಅವಧಿ ಮುಗಿದ ಬಳಿಕ ಆರೋಪಿಯ ಜೈವಿಕ ಮಾದರಿ ಮತ್ತು ಪ್ರೊಫೈಲನ್ನು ಅಳಿಸಿ ವರದಿ ಮಾಡುವಂತೆ ನೋಡಲ್ ಅಧಿಕಾರಿಗೆ ಒಂದು ಸಾಲಿನ ಆದೇಶ ಸೇರಿಸಬಹುದು. ಹಾಗೆ ಸೇರಿಸುವಂತೆ ಆರೋಪಿಯ ಪರ ವಕೀಲರು ವಾದದ ಕೊನೆಯಲ್ಲೇ ಕೇಳಬಹುದು, ಕಾನೂನು ಸೇವಾ ಪ್ರಾಧಿಕಾರದಿಂದ ನೇಮಕವಾದ ವಕೀಲರೂ ಸೇರಿದಂತೆ.